ಹಾರುವ ದೋಣಿಯವರ ಮನೆಯವಳ ಎರಡು ಮಾತು

ನಮ್ಮ ಕರಾವಳಿ ಕನ್ನಡ ಕೂಟದ ಅಧ್ಯಕ್ಷರಾದ ಸುಧೀರ್ ಕೋಟ್ಯಾನ್ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ಹಾರುವ ದೋಣಿಯ ಕ್ಯಾಪ್ಟನ್ ರಸೆಲ್ ಅವರೇ, ಅವರ ಪಕ್ಕದಲ್ಲಿ ಕುಳಿತು ನನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಅವರ ಕಿವಿಗೆ ಹಾಕುತ್ತಿರುವ, ಅದೇ ದೋಣಿಯಲ್ಲಿ ಕೆಲಸದಲ್ಲಿರುವ ಯುಸ್ಟೇಸ್ ಡಿಮೆಲ್ಲೊ ಅವರೇ, ಶಾಲು ಹೊದ್ದು, ಪೇಟ ತೊಟ್ಟು, ಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟು ಕುಳಿತಿರುವ ಸನ್ಮಾನಿತರೇ, ಮತ್ತು ಕೋರಿ ರೊಟ್ಟಿಯ ವಾಸನೆ ಬಂದ ಮೇಲೂ ಎದ್ದು ಹೋಗದೆ ಕುಳಿತಿರುವ ನನ್ನ ಸಭಿಕ ಬಂಧುಗಳೇ, ಎಲ್ಲರಿಗೂ ಸಂಜೆಯ ವಂದನೆಗಳು.

ಸನ್ಮಾನಿತರ ಪರವಾಗಿ ಎರಡು ಮಾತು ಆಡಬೇಕೆಂದು ಸುಧೀರ್ ಅವರು ನನ್ನನ್ನು ಕೇಳಿಕೊಂಡರು. ಎರಡೇ ಮಾತು ಅಕ್ಕ, ಎಂದರು. ಕನ್ನಡ ವೇದಿಕೆಯಲ್ಲಿ ಎರಡು ಮಾತು ಎರಡು ಮಾತಿನಲ್ಲಿ ಮುಗಿದ ದಾಖಲೆ ಇಲ್ಲ, ಅದನ್ನು ಮುರಿಯುವ ಯೋಗ್ಯತೆ ನನಗೂ ಇಲ್ಲ. ಸನ್ಮಾನಿತರು ಸ್ವತಃ ಮಾತಾಡುವುದಿಲ್ಲ. ಮೈಕ್ ಕೊಟ್ಟರೆ ಅದರ ತಿರುಪು ಬಿಚ್ಚಿ ನೋಡುವ ಸ್ವಭಾವ ಅವರದ್ದು.

ನನ್ನ ಹೆಸರು ಜಯಶೀಲಾ. ಸನ್ಮಾನಿತರಾದ ಶ್ರೀ ರಮಾನಾಥ ತಿಂಗಳಾಯರು ನನ್ನ ಯಜಮಾನರು. ಮನೆಯಲ್ಲಿ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ, ಈಗ ಒಮ್ಮೆ ಹೇಳಿ ಆಯಿತು. ಇನ್ನು ಮುಂದೆ ಸನ್ಮಾನಿತರು ಎಂದೇ ಹೇಳುತ್ತೇನೆ. ಅದರಲ್ಲಿ ಗೌರವವೂ ಉಂಟು, ಸ್ವಲ್ಪ ದೂರವೂ ಉಂಟು.

ಮೊದಲಿಗೆ ನನ್ನ ಬೆನ್ನ ಹಿಂದಿನ ಬ್ಯಾನರನ್ನು ದಯವಿಟ್ಟು ನೋಡಿ. ಸನ್ಮಾನ ಸಮಾರಂಭ ಎಂದು ಉಂಟು. ಮುಂದಿನ ಸಾಲಿನವರಿಗೆ ಕಾಣಬಹುದು, ಸನ್ಮಾನ ಎಂಬುದು ಬೇರೆ ಕಾಗದದಲ್ಲಿ ಬರೆದು ಮೇಲೆ ಅಂಟಿಸಿದ್ದು. ಅದರ ಅಡಿಯಲ್ಲಿ ಬೀಳ್ಕೊಡುಗೆ ಎಂಬ ಪದ ಉಂಟು. ಒಂದು ಬೀಳ್ಕೊಡುಗೆ ವಾರದೊಳಗೆ ಸನ್ಮಾನವಾಗುವುದು ಹೇಗೆ? ಇಲ್ಲಿ ಕುಳಿತ ನಿಮಗೆಲ್ಲ ಗೊತ್ತು. ಮುಂದಿನ ತಿಂಗಳು ಕೆಲಸ ಬಿಟ್ಟು ಊರಿಗೆ ಹೊರಡಬೇಕಾಗಿದ್ದ ಸನ್ಮಾನಿತರು, ಇನ್ನೊಂದು ಬೇಸಿಗೆ ದೋಣಿಯೊಂದಿಗೆ ಹೋಗುತ್ತೇನೆ ಎಂದು ಕ್ಯಾಪ್ಟನರಿಗೆ ಒಪ್ಪಿಕೊಂಡಿದ್ದಾರೆ. ಕ್ಯಾಪ್ಟನರಿಗೆ ಗೊತ್ತಿತ್ತು, ಯುಸ್ಟೇಸರಿಗೆ ಗೊತ್ತಿತ್ತು, ಬ್ಯಾನರಿಗೆ ಕಾಗದ ಅಂಟಿಸಿದ ಸುಧೀರ್ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಒಬ್ಬಳಿಗೆ, ಅವಳನ್ನು ನೀವು ಮಾತಾಡಲು ಕರೆದಿದ್ದೀರಿ.

ನಾನು ಸಿಟ್ಟಿನಲ್ಲಿಲ್ಲ. ಯುಸ್ಟೇಸ್, ಇದನ್ನೂ ಇಂಗ್ಲಿಷಿನಲ್ಲಿ ಹೇಳಿ, ಬಿಡಬೇಡಿ.

ಇಲ್ಲಿ ಒಂದು ವೈದ್ಯಕೀಯ ವಿಷಯ ಹೇಳಬೇಕು. ಹನ್ನೆರಡು ವರ್ಷ ನಾಲ್ಕು ಎಂಜಿನುಗಳ ಮಧ್ಯೆ ಕುಳಿತದ್ದರಿಂದ ಸನ್ಮಾನಿತರ ಎರಡು ಕಿವಿಗಳೂ ಮಂದವಾಗಿವೆ. ಡಾಕ್ಟರು ಎರಡು ಮಿಷನ್ ಕೊಟ್ಟಿದ್ದಾರೆ. ಮನೆಗೆ ಬಂದ ಕೂಡಲೇ ಅವೆರಡನ್ನೂ ತೆಗೆದು ಡಬ್ಬಿಯಲ್ಲಿ ಇಡುತ್ತಾರೆ, ಬ್ಯಾಟರಿ ಉಳಿತಾಯವಂತೆ. ಆಮೇಲೆ ನಾನು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಮಾತು ನಮ್ಮಲ್ಲಿ ಉಂಟು. ಸನ್ಮಾನಿತರ ಬಗ್ಗೆ ಇವತ್ತು ಆ ಮಾತು ಹೇಳುವುದು ಸರಿಯಲ್ಲ, ಆದ್ದರಿಂದ ಹೇಳುವುದಿಲ್ಲ. ಆದರೆ ಇವತ್ತು ಫೋಟೋ ಉಂಟು, ಅತಿಥಿಗಳಿದ್ದಾರೆ, ಹಾಗಾಗಿ ಎರಡೂ ಮಿಷನ್ ಕಿವಿಯಲ್ಲಿವೆ. ಶಾಲು ಸರಿಪಡಿಸುವ ನೆಪದಲ್ಲಿ ನಾನೇ ನೋಡಿ ಬಂದೆ, ಹಸಿರು ದೀಪ ಉರಿಯುತ್ತಿತ್ತು. ಮನೆಯಲ್ಲಿ ಹೇಳಲು ಆಗದ್ದನ್ನು ಇಷ್ಟು ಜನರ ಮುಂದೆ ಹೇಳಲು ಹೊರಟದ್ದು ಅದಕ್ಕಾಗಿ.

ಮಕ್ಕಳೂ ಬಂದಿದ್ದೀರಿ. ಹಾರುವ ದೋಣಿ ಎಂದರೇನು ಎಂದು ನಿಮಗೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ದೊಡ್ಡ ಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯವರು ಒಂದು ವಿಮಾನ ಕಟ್ಟಿದರು. ಅದಕ್ಕೆ ರನ್‌ವೇ ಬೇಡ. ಅದರ ಹೊಟ್ಟೆಯೇ ದೋಣಿ, ನೀರಿನಿಂದ ಏಳುತ್ತದೆ, ನೀರಿಗೆ ಇಳಿಯುತ್ತದೆ. ಸೈನಿಕರನ್ನು ಹೊತ್ತಿತು, ಔಷಧಿ ಹೊತ್ತಿತು, ಯುದ್ಧ ಮುಗಿಯಿತು. ಆಮೇಲೆ ಕೆನಡಾದವರು ಯಾರೋ ಅದನ್ನು ಕೊಂಡು, ಸೈನಿಕರು ಕೂರುವ ಜಾಗದಲ್ಲಿ ನೀರಿನ ಟ್ಯಾಂಕು ಇಟ್ಟರು. ಕಾಡಿಗೆ ಬೆಂಕಿ ಬಿದ್ದಾಗ ಅದು ಹತ್ತಿರದ ಕೆರೆಗೋ ಕಡಲಿಗೋ ಇಳಿಯುತ್ತದೆ. ನಿಲ್ಲುವುದಿಲ್ಲ, ನೀರಿನ ಮೇಲೆ ಜಾರುತ್ತಾ ಹೊಟ್ಟೆಯ ಅಡಿಯಿಂದ ಎರಡು ಕೊಳವೆ ಇಳಿಸಿ ನೀರು ಕುಡಿದು, ಹಾಗೇ ಎದ್ದು ಹೋಗಿ ಬೆಂಕಿಯ ಮೇಲೆ ಸುರಿಯುತ್ತದೆ. ಇದು ನಿಮ್ಮ ಅಜ್ಜನಿಗಿಂತ ಹಳೆಯದು, ನಿಮ್ಮ ಅಜ್ಜನಂತೆಯೇ ಬೆಳಿಗ್ಗೆ ಏಳುವಾಗ ತುಂಬ ಕೆಮ್ಮುತ್ತದೆ.

ಈ ವಿಮಾನವನ್ನು ನಮ್ಮ ಮಾಲೀಕರು ಅಬು ಜಾಸಿಮ್ ಅವರು ಕೊಂಡು ಬಹರೈನಿಗೆ ತಂದರು. ಬಹರೈನಿನಲ್ಲಿ ಕಾಡು ಎಲ್ಲಿದೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಇಲ್ಲಿ ಒಂದು ಮರ ಇದ್ದರೆ ಅದಕ್ಕೆ ಬೋರ್ಡು ಹಾಕಿ ಪ್ರವಾಸಿಗರನ್ನು ಕರೆದುಕೊಂಡು ಹೋಗುತ್ತಾರೆ. ಅಂಥ ಊರಿನಲ್ಲಿ ಕಾಡ್ಗಿಚ್ಚು ಆರಿಸುವ ಕಂಪೆನಿ. ಅಬು ಜಾಸಿಮ್ ಅವರ ಅಜ್ಜ ಚಿಕ್ಕವರಿರುವಾಗ ಇಲ್ಲಿಯ ಕಡಲಿಗೆ ಇಳಿಯುತ್ತಿದ್ದ ಹಾರುವ ದೋಣಿಗಳಿಂದ ಪ್ರಯಾಣಿಕರನ್ನು ದಡಕ್ಕೆ ಸಾಗಿಸುತ್ತಿದ್ದರಂತೆ. ಅಜ್ಜನ ನೆನಪಿಗೆ ಕೆಲವರು ಬಾವಿ ತೋಡಿಸುತ್ತಾರೆ, ಕೆಲವರು ಅನ್ನದಾನ ಮಾಡುತ್ತಾರೆ, ಇವರು ಇದನ್ನು ತಂದರು. ಮರ್ಜಾನ್ ಎಂದು ಹೆಸರಿಟ್ಟರು, ಅರಬ್ಬಿಯಲ್ಲಿ ಹವಳ ಎಂದು ಅರ್ಥ. ಚಳಿಗಾಲದಲ್ಲಿ ಸಿತ್ರಾದ ಕಡಲ ಬದಿಯ ಯಾರ್ಡಿನಲ್ಲಿ ನಿಲ್ಲುತ್ತದೆ. ಬೇಸಿಗೆ ಬಂತೆಂದರೆ ಬಾಡಿಗೆಗೆ ಟರ್ಕಿ, ಗ್ರೀಸ್, ಎಲ್ಲಿ ಕಾಡು ಉರಿಯುತ್ತದೋ ಅಲ್ಲಿಗೆ.

ಈ ಮರ್ಜಾನಿಗೆ ಒಬ್ಬ ಮೆಕ್ಯಾನಿಕ್ ಬೇಕಾಯಿತು. ವಿಮಾನದವರನ್ನು ಕರೆದರೆ, ಇದು ದೋಣಿ ಎಂದರು. ದೋಣಿಯವರನ್ನು ಕರೆದರೆ, ಇದಕ್ಕೆ ರೆಕ್ಕೆ ಉಂಟು ಎಂದರು. ಸನ್ಮಾನಿತರು ಮಲ್ಪೆಯಲ್ಲಿ ಸೋದರಮಾವನ ಜೊತೆ ದೋಣಿ ಕಟ್ಟಿದವರು, ಇಲ್ಲಿ ತಗಡಿಗೆ ರಿವೆಟ್ ಹೊಡೆಯುವ ವರ್ಕ್‌ಶಾಪಿನಲ್ಲಿದ್ದವರು. ಎರಡನ್ನೂ ಅರ್ಧರ್ಧ ಬಲ್ಲವರು. ಕೆಲಸ ಸಿಕ್ಕಿತು. ಮರ್ಜಾನ್ ಜೊತೆ ಬೇಸಿಗೆಯೆಲ್ಲ ಹೊರಗೆ ಇರಬೇಕಾಗುತ್ತದೆ ಎಂದು ಊರಿಗೆ ಫೋನ್ ಮಾಡಿ ಹೇಳಿದರು. ನಮ್ಮ ಅತ್ತೆ ಮರುದಿನ ನನಗೆ ಫೋನ್ ಮಾಡಿ, ಆ ಹೆಂಗಸಿಗೆ ಮಕ್ಕಳಿದ್ದಾರಾ ಎಂದು ಕೇಳಿದರು.

ಈಗ ತೆಂಗಿನಕಾಯಿಯ ವಿಷಯ. ಇದನ್ನು ಹೇಳಬೇಡ ಎಂದು ಸನ್ಮಾನಿತರು ಕಾರಿನಲ್ಲಿ ಹೇಳಿದ್ದರು. ನಾನು ಹೂಂ ಎಂದಿದ್ದೆ. ಹೂಂ ಎನ್ನುವುದನ್ನು ನಾನು ಅವರಿಂದಲೇ ಕಲಿತದ್ದು.

ಮೊದಲ ವರ್ಷ ಮರ್ಜಾನನ್ನು ನೀರಿಗೆ ಇಳಿಸುವ ದಿನ. ಅಬು ಜಾಸಿಮ್ ಅವರು ಬಂದಿದ್ದಾರೆ, ಅವರ ಮನೆಯವರು ಬಂದಿದ್ದಾರೆ, ಖರ್ಜೂರ, ಅರಬ್ಬರ ಗಾವಾ ಕಾಫಿ ಎಲ್ಲ ನಡೆದಿದೆ. ಕ್ಯಾಪ್ಟನರು ಬಿಳಿ ಅಂಗಿ ಹಾಕಿ ನಿಂತಿದ್ದಾರೆ. ನಾವು ಮೊಗವೀರರು. ಹೊಸ ದೋಣಿ ಕಾಯಿ ಒಡೆಯದೆ ನೀರಿಗೆ ಇಳಿಯುವುದು ನಮ್ಮಲ್ಲಿ ಇಲ್ಲ. ಒಡೆಯುವುದು ಎಲ್ಲಿ? ದೋಣಿಯ ಮೂತಿಗೆ. ಮರದ ದೋಣಿ, ಗಟ್ಟಿ ಮರ, ಕಾಯಿ ಒಂದೇ ಏಟಿಗೆ ಎರಡು ಹೋಳು. ಸನ್ಮಾನಿತರು ಗುದೈಬಿಯಾದ ಮೊಯಿದಿನ್‌ರ ಅಂಗಡಿಯಿಂದ ಒಳ್ಳೆಯ ಕಾಯಿ ಆರಿಸಿ ತಂದಿದ್ದರು. ಎಲ್ಲರೂ ನೋಡುತ್ತಿದ್ದಂತೆ ಮುಂದೆ ಹೋದರು, ಕಣ್ಣು ಮುಚ್ಚಿ ಕೈಮುಗಿದರು, ಮರ್ಜಾನಿನ ಮೂತಿಗೆ ಕಾಯಿಯನ್ನು ಬಲವಾಗಿ ಹೊಡೆದರು.

ಕಾಯಿ ಒಡೆಯಲಿಲ್ಲ. ವಿಮಾನದ ಮೂತಿ ಒಳಗೆ ಹೋಯಿತು.

ವಿಮಾನದ ತಗಡು ಎಷ್ಟು ದಪ್ಪ ಇರುತ್ತದೆ ಎಂದು ನಿಮಗೆ ಗೊತ್ತಿಲ್ಲದಿರಬಹುದು. ನಮ್ಮ ಮನೆಯ ಅನ್ನದ ತಪಲೆಯ ತಳ ಅದಕ್ಕಿಂತ ದಪ್ಪ. ಬೇರೆ ಯಾರಾದರೂ ಆಗಿದ್ದರೆ ಕಾಯಿಯನ್ನು ಹಿಂದೆ ಅಡಗಿಸಿ ಮೆಲ್ಲನೆ ಸರಿಯುತ್ತಿದ್ದರು. ಸನ್ಮಾನಿತರು ಸರಿಯಲಿಲ್ಲ. ಯಾಕೆಂದರೆ ಎತ್ತಿದ ಕಾಯಿ ಒಡೆಯದೆ ಕೆಳಗಿಟ್ಟರೆ ಅಪಶಕುನ. ಆದ್ದರಿಂದ ಅವರು ಎರಡನೆಯ ಸಲವೂ ಹೊಡೆದರು. ಈ ಸಲ ಕಾಯಿ ಒಡೆಯಿತು. ಮರ್ಜಾನಿಗೆ ಎರಡನೆಯ ತಗ್ಗು ಬಿತ್ತು.

ಕ್ಯಾಪ್ಟನರು ಯುಸ್ಟೇಸರ ಕಡೆ ತಿರುಗಿ, ಅವನು ಯಾಕೆ ಎರಡು ಸಲ ಹೊಡೆದ ಎಂದು ಕೇಳಿದರು. ಒಂದನೆಯ ಸಲ ಯಾಕೆ ಹೊಡೆದ ಎಂದು ಕೇಳಲಿಲ್ಲ, ಅವರ ದೊಡ್ಡ ಗುಣ. ಯುಸ್ಟೇಸರು, ಸರ್, ಫಸ್ಟ್ ಟೈಮ್ ಇಟ್ ಡಿಡ್ ನಾಟ್ ವರ್ಕ್, ಎಂದರು. ವಿಮೆಯವರು ಲಂಡನ್ನಿನಿಂದ ಬಂದರು. ಹಕ್ಕಿ ಬಡಿದ ವಿಮಾನ ಅವರು ನೋಡಿದ್ದರು, ಆಲಿಕಲ್ಲು ಬಡಿದದ್ದು ನೋಡಿದ್ದರು. ತೆಂಗಿನಕಾಯಿ ಎಷ್ಟು ಎತ್ತರದಲ್ಲಿ ಹಾರುತ್ತಿತ್ತು ಎಂದು ಒಬ್ಬರು ಕೇಳಿದರಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಉಂಟು, ತೆಂಗಿನಕಾಯಿಗೆ ಹೋದದ್ದಕ್ಕೆ ಯಾವ ಗಾದೆಯೂ ಇಲ್ಲ. ಸನ್ಮಾನಿತರು ಎರಡು ವಾರ ಊಟ ಬಿಟ್ಟು ಕೂತು ಆ ತಗಡನ್ನು ತಾವೇ ಬದಲಾಯಿಸಿದರು. ಈಗಲೂ ಆ ಜಾಗದ ಬಣ್ಣ ಸ್ವಲ್ಪ ಬೇರೆ.

ಮರುವರ್ಷ ಎಲ್ಲರೂ ಕಾಯಿಯ ಸುದ್ದಿ ಎತ್ತದೆ ಸುಮ್ಮನಿದ್ದರು. ಎಂಜಿನು ಚಾಲೂ ಮಾಡುವ ಹೊತ್ತಿಗೆ ಕ್ಯಾಪ್ಟನರೇ ಕೆಳಗೆ ಬಗ್ಗಿ, ರಾಮ್, ಹ್ಯಾವ್ ಯು ಡನ್ ದ ನಟ್, ಎಂದು ಕೇಳಿದರು. ಸನ್ಮಾನಿತರು ಹತ್ತು ಮಾರು ದೂರ ಹೋಗಿ ಕಾಂಕ್ರೀಟಿನ ಮೇಲೆ ಕಾಯಿ ಒಡೆದರು. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ವರ್ಷ ಕ್ಯಾಪ್ಟನರು ಕೇಳುತ್ತಾರೆ, ಕೇಳದೆ ಹೊರಟದ್ದಿಲ್ಲ. ಈ ಕೇಳುವ ವಿಷಯವನ್ನು ನೀವು ಸ್ವಲ್ಪ ಗಮನದಲ್ಲಿ ಇಟ್ಟುಕೊಳ್ಳಬೇಕು.

ಸಭಿಕರೇ, ನನ್ನ ಬಗ್ಗೆಯೂ ಸ್ವಲ್ಪ ಹೇಳಲು ಅಪ್ಪಣೆಯಾಗಲಿ. ನಾನು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ನಾವಿರುವುದು ಉಮ್ ಅಲ್ ಹಸ್ಸಮ್‌ನ ಎರಡು ಕೋಣೆಯ ಫ್ಲಾಟಿನಲ್ಲಿ. ಕಾಡಿಗೆ ಬೆಂಕಿ ಬೀಳುವುದು ಬೇಸಿಗೆಯಲ್ಲಿ. ಊರಿಗೆ ಎಲ್ಲರೂ ರಜೆಯಲ್ಲಿ ಹೋಗುವುದೂ ಬೇಸಿಗೆಯಲ್ಲಿ. ನಮ್ಮ ಮಗಳು ರಮ್ಯಶ್ರೀಯ ಮದುವೆಗೆ ಭಟ್ಟರು ಮೇ ತಿಂಗಳಲ್ಲಿ ಒಳ್ಳೆಯ ಮುಹೂರ್ತ ಕೊಟ್ಟರು. ಸನ್ಮಾನಿತರು ಗ್ರೀಸಿನ ಕಾಡು ನೋಡಿ ಜನವರಿ ಎಂದರು. ಬೀಗರಿಗೆ ಏನು ಹೇಳುವುದು? ಹುಡುಗಿಯ ತಂದೆಗೆ ಬೆಂಕಿ ಉಂಟು ಎಂದೆವು. ಪಾಪ, ಅವರು ಅದನ್ನು ಯಾವುದೋ ಹರಕೆ ಎಂದು ತಿಳಿದು ಒಪ್ಪಿದರು.

ಹನ್ನೆರಡು ವರ್ಷಗಳಿಂದ ನಾವಿಬ್ಬರೂ ಒಟ್ಟಿಗೆ ಕೂತು ಒಂದು ಮಾವಿನಹಣ್ಣು ತಿಂದಿಲ್ಲ. ಮಾವಿನಹಣ್ಣು ಬರುವಾಗ ಇವರು ಹೋಗಿರುತ್ತಾರೆ, ಇವರು ಬರುವಾಗ ಮಾವಿನಹಣ್ಣು ಹೋಗಿರುತ್ತದೆ. ಒಬ್ಬಳಿಗೆ ಒಂದು ಬಾಕ್ಸ್ ಹೆಚ್ಚು. ಒಂದೇ ಹಣ್ಣು ಕೊಡಿ ಎಂದು ಮೊಯಿದಿನ್‌ರ ಹತ್ತಿರ ಕೇಳಲು ನಾಚಿಕೆ. ಹಾಗಾಗಿ ನಾನು ತಿನ್ನುವುದನ್ನೇ ಬಿಟ್ಟೆ. ಕೇಳಿದವರಿಗೆ ಶುಗರ್ ಎಂದು ಹೇಳಿದ್ದೇನೆ. ನನಗೆ ಶುಗರ್ ಇಲ್ಲ.

ಇದು ಭಾಷಣದಲ್ಲಿ ಹೇಳಬೇಕೆಂದು ಇದ್ದದ್ದಲ್ಲ, ಬಂತು. ಮುಂದೆ ಹೋಗುತ್ತೇನೆ.

ಸನ್ಮಾನಿತರು ನೆಲದ ಮೇಲೆ ಕೂತು ಕೆಲಸ ಮಾಡುವವರಲ್ಲ. ಹಳೆಯ ಎಂಜಿನು, ಹಾರುವಾಗಲೂ ಒಬ್ಬ ಪಕ್ಕದಲ್ಲಿ ಕೂತು ಮೀಟರಿನ ಮುಳ್ಳು ನೋಡುತ್ತಾ, ಹಿಡಿ ತಿರುಗಿಸುತ್ತಾ ಇರಬೇಕು. ಆದ್ದರಿಂದ ಮರ್ಜಾನ್ ಬೆಂಕಿಯ ಮೇಲೆ ಹೋಗುವಾಗ ಇವರೂ ಹೋಗುತ್ತಾರೆ. ಸಂಜೆ ನೀರಿಗೆ ಇಳಿದು ಹಗ್ಗ ಕಟ್ಟಿದ ಮೇಲೆ ನನಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಗಲ್ಫಿನಲ್ಲಿ ಮಿಸ್ಡ್ ಕಾಲ್ ಎಂದರೆ ಏನೆಂದು ನಿಮಗೆ ವಿವರಿಸಬೇಕಾಗಿಲ್ಲ. ಒಂದು ಕೊಟ್ಟರೆ ಕೆಳಗೆ ಬಂದಿದ್ದೇನೆ ಎಂದು ಅರ್ಥ, ಎರಡು ಕೊಟ್ಟರೆ ಕುಬ್ಬೂಸ್ ರೊಟ್ಟಿ ತರಬೇಕಾ ಎಂದು ಅರ್ಥ. ನಮಗೆ ಒಂದೇ, ಬದುಕಿದ್ದೇನೆ ಎಂದು. ಎತ್ತಿ ಮಾತಾಡಿ ಪ್ರಯೋಜನವಿಲ್ಲ, ಅವರಿಗೆ ಕೇಳಿಸುವುದಿಲ್ಲ. ಫೋನ್ ಬಡಿದು ನಿಂತ ಮೇಲೆ ನಾನು ಅನ್ನಕ್ಕೆ ಇಡುತ್ತೇನೆ.

ಒಂದು ವರ್ಷ ಆಗಸ್ಟಿನಲ್ಲಿ ಒಂದು ಸಂಜೆ ಫೋನ್ ಬಡಿಯಲಿಲ್ಲ. ನಾನು ಅನ್ನಕ್ಕೆ ಇಡಲಿಲ್ಲ. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋದೆ, ಮನೆಯಲ್ಲಿ ಕೂತು ಮಾಡುವುದಾದರೂ ಏನು? ಎಕ್ಸ್-ರೇ ತೆಗೆಯುವಾಗ ನಾವು ಹೇಳುವುದು ಎರಡೇ ವಾಕ್ಯ. ಉಸಿರು ಹಿಡಿಯಿರಿ. ಬಿಡಿ. ಅರಬ್ಬಿಯಲ್ಲಿ ಹೇಳುತ್ತೇನೆ, ಹಿಂದಿಯಲ್ಲಿ ಹೇಳುತ್ತೇನೆ, ಮಲಯಾಳದಲ್ಲಿ ಹೇಳುತ್ತೇನೆ. ಆ ದಿನ ಉಸಿರು ಹಿಡಿಯಿರಿ ಎಂದು ಎಲ್ಲರಿಗೂ ಹೇಳಿದೆ. ಬಿಡಿ ಎಂದು ಹೇಳಲು ಮರೆತೆ. ಒಬ್ಬ ಬಂಗಾಳಿ ಕೆಂಪು ಕೆಂಪಾಗಿ, ಸಿಸ್ಟರ್, ಮರ್ ಜಾವೂಂ ಕ್ಯಾ, ಎಂದು ಕೇಳಿದ ಮೇಲೆ ನನಗೆ ಎಚ್ಚರವಾಯಿತು. ಅವನನ್ನು ಕಳಿಸಿ ಸೀಸದ ಬಾಗಿಲು ಹಾಕಿ ಒಳಗೆ ಕೂತು ಅತ್ತೆ. ಸೀಸದ ಬಾಗಿಲಿನ ಒಂದು ಅನುಕೂಲ ಅದು. ಮಧ್ಯಾಹ್ನದ ಹೊತ್ತಿಗೆ ಫೋನ್ ಬಡಿಯಿತು, ಒಂದು ಸಲ. ಹೊಗೆಯಲ್ಲಿ ದಾರಿ ಕಾಣದೆ ಯಾವುದೋ ಬೆಟ್ಟದ ಆಚೆಯ ಕೆರೆಗೆ ಇಳಿದಿದ್ದರಂತೆ, ಅಲ್ಲಿ ನೆಟ್‌ವರ್ಕ್ ಇರಲಿಲ್ಲವಂತೆ. ಅಕ್ಟೋಬರಿನಲ್ಲಿ ಮನೆಗೆ ಬಂದಾಗ ಸನ್ಮಾನಿತರು ಈ ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದರು, ಅಲ್ಲಿ ಒಳ್ಳೆಯ ಮೀನು ಸಿಕ್ಕಿತು, ಎಂದು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆದರೂ ನ್ಯಾಯ ಹೇಳಬೇಕು. ನಾನು ಮರ್ಜಾನನ್ನು ನೋಡಿದ್ದೇನೆ. ಒಂದು ವರ್ಷ ಏಪ್ರಿಲಿನಲ್ಲಿ ಟ್ರಯಲ್ ಉಂಟು ಬಾ ಎಂದು ಕರೆದುಕೊಂಡು ಹೋದರು. ಕಡಲ ದಂಡೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು, ಪಕ್ಕದಲ್ಲಿ ಯುಸ್ಟೇಸರ ಮನೆಯವರು ನೆಲ್ಲಿ ಇದ್ದರು. ದೂರದಿಂದ ಬಂತು, ನೀರು ಮುಟ್ಟಿತು, ಎರಡೂ ಬದಿಗೆ ನೊರೆ ಎದ್ದಿತು. ಕುಡಿದು ಏಳುವಾಗ ಒಂದು ಕ್ಷಣ ಆಗುವುದಿಲ್ಲವೇನೋ ಎನ್ನುವಂತೆ ತಗ್ಗಿತು, ಆಮೇಲೆ ಎದ್ದಿತು. ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸುವಾಗ ಹೆಂಗಸು ಒಮ್ಮೆ ಬಾಗಿ ಏಳುತ್ತಾಳಲ್ಲ, ಹಾಗೆ. ಹಳೆಯ ಜೀವ, ಅಷ್ಟು ಭಾರ ಹೊತ್ತು ಏಳುವುದು ನೋಡಿ ನಾನು ಕುರ್ಚಿಯಿಂದ ಎದ್ದು ನಿಂತೆ. ನೆಲ್ಲಿ ಶಿಲುಬೆಯ ಗುರುತು ಮಾಡಿದರು. ಸಂಜೆ ಕಡಲಿನ ಉಪ್ಪು ತಿನ್ನದಂತೆ ಅದನ್ನು ಸಿಹಿ ನೀರಿನಲ್ಲಿ ತೊಳೆಯುವುದೂ ನೋಡಿದೆ. ಸನ್ಮಾನಿತರು ಪೈಪ್ ಹಿಡಿದು ರಿವೆಟ್ ರಿವೆಟ್ ತೊಳೆಯುತ್ತಿದ್ದರು. ಮನೆಯಲ್ಲಿ ತಾವು ಉಂಡ ಬಟ್ಟಲು ತೊಳೆದವರಲ್ಲ. ಅಷ್ಟು ಪ್ರೀತಿ ಅವರ ಕೈಯಲ್ಲಿ ಉಂಟೆಂದು ನನಗೆ ಆ ದಿನ ಗೊತ್ತಾಯಿತು. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಇದನ್ನು ಯುಸ್ಟೇಸ್ ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಾರೋ ಗೊತ್ತಿಲ್ಲ.

ಈಗ ಈ ವರ್ಷಕ್ಕೆ ಬರುತ್ತೇನೆ. ಸನ್ಮಾನಿತರಿಗೆ ಅರವತ್ತು ದಾಟಿತು. ಇದು ಕೊನೆ, ಇನ್ನು ಊರು ಎಂದು ಕಳೆದ ದೀಪಾವಳಿಗೆ ಅವರೇ ಹೇಳಿದರು, ಆಗ ಮಿಷನ್ ಕಿವಿಯಲ್ಲಿತ್ತು. ಉಚ್ಚಿಲದಲ್ಲಿ ನನ್ನ ತಾಯಿಯ ಮನೆ ನನಗೆ ಬಂದಿದೆ. ನಮ್ಮ ಕಡೆ ಮನೆ ಹೆಂಗಸಿನದ್ದು, ದೋಣಿ ಗಂಡಸಿನದ್ದು, ಅದು ಹಿಂದಿನಿಂದ ಬಂದ ಕ್ರಮ. ಮನೆಗೆ ಹೆಂಚು ಬದಲಾಯಿಸಿದೆವು. ಅಂಗಳದಲ್ಲಿ ಮಾವಿನ ಮರ ಉಂಟು, ಕಾಯಿ ಬಿಟ್ಟ ಫೋಟೋವನ್ನು ಮಗಳು ಕಳಿಸಿದ್ದಾಳೆ. ನಾನು ಆಸ್ಪತ್ರೆಗೆ ರಾಜೀನಾಮೆ ಕೊಟ್ಟೆ. ನನ್ನ ಜಾಗಕ್ಕೆ ಸುರಕ್ಷಾ ಎಂಬ ಹುಡುಗಿ ಬಂದಾಗಿದೆ, ಅವಳಿಗೆ ಬಾಗಿಲಿನ ಬೀಗ ತೋರಿಸಿಯೂ ಆಗಿದೆ. ಟಿಕೆಟ್ ಎರಡು ತೆಗೆದಿದ್ದೇವೆ. ಫ್ಲಾಟಿನ ಸೋಫಾ ಮಾರಿದ್ದೇವೆ, ಒಂದು ವಾರದಿಂದ ನಾವು ನೆಲದ ಮೇಲೆ ಕೂರುತ್ತಿದ್ದೇವೆ.

ಮೊನ್ನೆ ಮೀನು ಮಾರ್ಕೆಟಿನಲ್ಲಿ ನೆಲ್ಲಿ ಸಿಕ್ಕಿದರು. ನಾನು ಬಂಗುಡೆ ಆರಿಸುತ್ತಿದ್ದೆ. ಅವರು ನನ್ನ ಕೈ ಹಿಡಿದು, ಜಯಾ, ಇನ್ನೊಂದು ವರ್ಷ ತಾನೇ, ಬೇಸರ ಮಾಡಬೇಡ, ನನ್ನ ಯುಸ್ಟೇಸ್ ಕೂಡ ಹೋಗ್ತಾರಲ್ಲ, ಎಂದರು. ನೆಲ್ಲಿಯ ತಪ್ಪಿಲ್ಲ. ನನಗೆ ಗೊತ್ತಿದೆ ಎಂದೇ ಅವರು ತಿಳಿದಿದ್ದರು. ನಾನು ಮುಖ ಬದಲಾಯಿಸಲಿಲ್ಲ, ಹೌದಲ್ಲ ಎಂದೆ. ಎಷ್ಟು ಬಂಗುಡೆ ಬೇಕು ಎಂದು ಮೀನಿನವ ಕೇಳಿದ. ಎಷ್ಟು ಜನರಿಗೆ ಅಡಿಗೆ ಮಾಡಬೇಕು ಎಂಬುದೇ ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದೆ. ಸನ್ಮಾನಿತರು ನೆಲದ ಮೇಲೆ ಕೂತು ಟಿವಿ ನೋಡುತ್ತಿದ್ದರು, ಮಿಷನ್ ಡಬ್ಬಿಯಲ್ಲಿತ್ತು. ಊರಿಗೆ ಯಾವಾಗ ಹೋಗುವುದು ಎಂದು ಕೇಳಿದೆ. ಹೂಂ ಎಂದರು.

ಸಭಿಕರೇ, ಮರ್ಜಾನಿನ ಮೇಲೆ ನನಗೆ ದ್ವೇಷವಿಲ್ಲ. ಕಾಡು ಉರಿಯುವುದು ಸುಳ್ಳಲ್ಲ. ಅಲ್ಲಿಯ ಹೆಂಗಸರಿಗೂ ಮನೆ ಉಂಟು, ಅಂಗಳದಲ್ಲಿ ಮರ ಉಂಟು. ಇವರ ಕೈ ಬೇಕು ಎಂದರೆ ಬೇಕಾಗಿರಬಹುದು. ನನ್ನ ಹೊಟ್ಟೆ ಉರಿದದ್ದು ಅದಕ್ಕಲ್ಲ. ಒಂದು ತೆಂಗಿನಕಾಯಿ ಒಡೆಯಿತೋ ಇಲ್ಲವೋ ಎಂದು ಕೆನಡಾದ ಕ್ಯಾಪ್ಟನರು ಪ್ರತಿ ವರ್ಷ ಕೆಳಗೆ ಬಗ್ಗಿ ಕೇಳುತ್ತಾರೆ. ಮದುವೆಯಾಗಿ ಮೂವತ್ತನಾಲ್ಕು ವರ್ಷವಾಯಿತು, ಹೋಗಲಾ ಎಂದು ಇವರು ನನ್ನನ್ನು ಒಮ್ಮೆಯೂ ಕೇಳಿಲ್ಲ. ಬಹರೈನಿಗೆ ಬರುವಾಗ ಕೇಳಲಿಲ್ಲ, ಮರ್ಜಾನಿಗೆ ಸೇರುವಾಗ ಕೇಳಲಿಲ್ಲ, ಈಗಲೂ ಕೇಳಲಿಲ್ಲ. ಕೇಳಿದರೆ ಬೇಡ ಎಂದುಬಿಟ್ಟಾಳು ಎಂಬ ಹೆದರಿಕೆಯೋ, ಕೇಳುವುದು ಎಂಬ ಒಂದು ಕೆಲಸ ಇದೆ ಎಂಬುದೇ ಗೊತ್ತಿಲ್ಲವೋ? ಎಕ್ಸ್-ರೇಯಲ್ಲಿ ಎಲುಬು ಕಾಣುತ್ತದೆ, ಇದು ಕಾಣುವುದಿಲ್ಲ.

ಆದ್ದರಿಂದ ಕೂಟದ ಅಧ್ಯಕ್ಷರ ಅಪ್ಪಣೆ ಪಡೆದು, ಅಪ್ಪಣೆ ಕೊಟ್ಟರೆಂದು ನಾನೇ ತಿಳಿದುಕೊಂಡು, ಒಂದು ಸಣ್ಣ ಕಾರ್ಯಕ್ರಮ ಸೇರಿಸುತ್ತಿದ್ದೇನೆ. ಸನ್ಮಾನಿತರೇ, ಕಿವಿಯ ಹತ್ತಿರ ಹೋದ ಆ ಕೈಯನ್ನು ದಯವಿಟ್ಟು ಕೆಳಗೆ ಇಳಿಸಿ. ಮಿಷನ್ ಅಲ್ಲೇ ಇರಲಿ. ನೀವು ಕ್ಯಾಪ್ಟನರಿಗೆ ಕೊಟ್ಟ ಮಾತನ್ನು ನಾನು ಕೇಳಿಯೇ ಇಲ್ಲ ಎಂದು ಇಟ್ಟುಕೊಳ್ಳಿ. ಈಗ ನನ್ನನ್ನು ಕೇಳಿ. ಇಲ್ಲಿಯೇ ಕೇಳಿ. ನಾನು ಕಾಯುತ್ತೇನೆ, ಕಾದು ನನಗೆ ಅಭ್ಯಾಸ ಉಂಟು.

ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಅವರಿಗೆ ಗದ್ದಲದಲ್ಲಿ ಮಾತು ಹೊರಡುವುದಿಲ್ಲ.

ಎದ್ದಿದ್ದಾರೆ. ಸುಧೀರ್, ಆ ಹಣ್ಣಿನ ಬುಟ್ಟಿ ಹಿಡಿದುಕೊಳ್ಳಿ, ಬೀಳುತ್ತದೆ.

ಹಿಂದೆ ಕುಳಿತವರಿಗೆ ಕೇಳಿಸಿರಲಿಕ್ಕಿಲ್ಲ. ಸನ್ಮಾನಿತರು ಕೇಳಿದ್ದು ಹೀಗೆ. ಜಯಾ, ಯಾನ್ ಪೋವೊಡಾ, ಬೊಡ್ಚಾ? ತುಳು ಬಾರದ ಬೆಂಗಳೂರಿನವರಿಗಾಗಿ ಹೇಳುತ್ತೇನೆ, ನಾನು ಹೋಗಬೇಕಾ, ಬೇಡವಾ ಎಂದು.

ಕೇಳಿದರು. ನೀವೆಲ್ಲ ಸಾಕ್ಷಿ.

ಸಭಿಕರೇ, ಈ ಕೈಯಲ್ಲಿ ನಾನು ಬರೆದುಕೊಂಡು ಬಂದ ಚೀಟಿ ಉಂಟು. ಬೆಳಿಗ್ಗೆ ಅಡಿಗೆಮನೆಯಲ್ಲಿ ಕೂತು ಬರೆದದ್ದು. ಇವರು ಒಂದು ಮಾತು ಕೇಳಿದರೆ ಸಾಕು, ಸಂತೋಷದಿಂದ ಹೋಗಿ ಬನ್ನಿ ಎನ್ನುವುದು, ಎಲ್ಲರೂ ಚಪ್ಪಾಳೆ ತಟ್ಟುವುದು, ಊಟಕ್ಕೆ ಏಳುವುದು, ಎಂದು ಬರೆದಿದ್ದೆ. ದೊಡ್ಡ ಮನಸ್ಸಿನ ಹೆಂಗಸು ಎಂದು ನೀವೂ ಹೇಳುತ್ತಿದ್ದಿರಿ. ಆದರೆ ಇಷ್ಟು ವರ್ಷ ಯಾರೂ ಕೇಳದೆ ಇದ್ದದ್ದರಿಂದ, ಕೇಳಿದರೆ ನನ್ನ ಉತ್ತರ ಏನೆಂದು ನನಗೂ ಗೊತ್ತಿರಲಿಲ್ಲ. ಈಗ ಕೇಳಿದರು, ಈಗ ಗೊತ್ತಾಯಿತು.

ಬೊಡ್ಚಿ. ಹೋಗುವುದು ಬೇಡ. ನನಗೆ ನೀವು ಮನೆಯಲ್ಲಿ ಬೇಕು.

ಯುಸ್ಟೇಸ್, ಇದು ಸಣ್ಣ ವಾಕ್ಯ, ಕ್ಯಾಪ್ಟನರಿಗೆ ಹಾಗೇ ಹೇಳಿ. ಕ್ಯಾಪ್ಟನರೇ, ನಿಮಗೆ ಕಷ್ಟವಾಗುತ್ತದೆ, ಗೊತ್ತುಂಟು, ಕ್ಷಮೆ ಇರಲಿ. ಸನ್ಮಾನಿತರು ತಲೆ ಆಡಿಸಿ ಕುಳಿತಿದ್ದಾರೆ. ಇದು ಆ ಹೂಂ ಅಲ್ಲ, ಆ ಹೂಂ ನನಗೆ ಗೊತ್ತು. ಕಣ್ಣು ಒರೆಸಿಕೊಳ್ಳಲು ಶಾಲು ಉಂಟು, ಅದು ಕೂಟದವರು ಕೊಟ್ಟದ್ದು, ತೊಂದರೆಯಿಲ್ಲ.

ಮರ್ಜಾನ್ ನಿಲ್ಲುವುದಿಲ್ಲ. ಇವರ ಕೈಕೆಳಗೆ ಆರು ವರ್ಷ ಕೆಲಸ ಮಾಡಿದ ಆಲ್‌ಸ್ಟನ್ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ, ಎಂಜಿನಿನ ಕೆಲಸ ಅವರಿಗೆ ಪೂರ್ತಿ ಬರುತ್ತದೆ, ಕ್ಯಾಪ್ಟನರ ಕಣ್ಣು ಈಗಾಗಲೇ ಅವರ ಮೇಲೆ ಹೋಗಿದೆ. ಆಲ್‌ಸ್ಟನ್ ಕೂಡ ತಲೆ ಆಡಿಸಲು ಹೊರಟ ಹಾಗೆ ಕಾಣುತ್ತದೆ. ಸ್ವಲ್ಪ ತಡೆಯಿರಿ, ಆಲ್‌ಸ್ಟನ್. ಪಕ್ಕದಲ್ಲಿ ನಿಮ್ಮ ಮನೆಯವರು ಶರ್ಲಿ ಕುಳಿತಿದ್ದಾರೆ. ಹೂಂ ಎನ್ನುವ ಮೊದಲು ಅವರ ಕಡೆ ತಿರುಗಿ ಕೇಳಿ. ಶರ್ಲಿ, ಅವಸರ ಮಾಡಬೇಡಿ, ಊಟ ಆರಿದರೂ ಪರವಾಗಿಲ್ಲ, ನಾವು ಕಾಯುತ್ತೇವೆ.

ಕೂಟದ ಎಲ್ಲ ಪದಾಧಿಕಾರಿಗಳಿಗೆ, ಅಡಿಗೆಯವರಿಗೆ, ಧ್ವನಿವರ್ಧಕದವರಿಗೆ, ಎರಡು ಮಾತೆಂದು ಬಂದವಳನ್ನು ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ನನ್ನ ಕೃತಜ್ಞತೆಗಳು. ಸುಧೀರ್ ಅವರೇ, ಆ ಬ್ಯಾನರಿನ ಮೇಲಿನ ಕಾಗದವನ್ನು ಈಗ ಕಿತ್ತು ಹಾಕಬಹುದು.

ನಮಸ್ಕಾರ.